ಒಂದು ಪಡಸಾಲೆ, ಹಲವು ಸಬ್‌ವೂಫರ್

(ವಿಜಯಪುರದಲ್ಲಿ ಸಂಗೀತಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಕೆಲವು ವರ್ಷಗಳ ಹಿಂದೆ ನಾನು 12 ಇಂಚಿನ ಒಂದು ಸಬ್‌ವೂಫರ್, ಅಂದರೆ ತಳದ ಮಂದ್ರ ಸ್ವರಗಳನ್ನಷ್ಟೇ ನುಡಿಸುವ ಸ್ಪೀಕರ್ ಪೆಟ್ಟಿಗೆ, ಕೊಂಡು ತಂದು, ಅಂಗಡಿಯವರು ಹೇಳಿದಂತೆಯೇ ಟಿ.ವಿ. ಪಕ್ಕದ ಮೂಲೆಯಲ್ಲಿ ನಿಲ್ಲಿಸಿ, ನನ್ನ ಕುರ್ಚಿಯಲ್ಲಿ ಕುಳಿತು ಹಾಡು ಹಚ್ಚಿದೆ. ತಳದ ಮಂದ್ರವೆಂಬುದು ನನಗೆ ಕೇಳಿಸಲೇ ಇಲ್ಲ. ಗುಂಡಿ ತಿರುವಿ ಇನ್ನಷ್ಟು ಏರಿಸಿದೆ, ಆಗಲೂ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಅವ್ವ ಕೂಗಿ ಹೇಳಿದಳು: "ತಮ್ಮಾ, ಅಡಗಿಮನ್ಯಾಗ ತಾಟು ಎಲ್ಲಾ ಮಾತಾಡಾಕತ್ತಾವ, ಅದನ್ನ ಸಣ್ಣ ಮಾಡು." ನಾನು ದುಡ್ಡು ಕೊಟ್ಟು ತಂದ ಮಂದ್ರವು ನನ್ನ ಕುರ್ಚಿಯನ್ನು ದಾಟಿ, ಪಡಸಾಲೆಯ ಹಿಂದಿನ ತುದಿಯಲ್ಲಿರುವ ಅಡುಗೆಮನೆಯ ಬಾಗಿಲಿನಿಂದ ಒಳಹೊಕ್ಕು, ಸ್ಟೀಲ್ ತಾಟುಗಳನ್ನು ಅಲ್ಲಾಡಿಸುತ್ತಿತ್ತು. ಸಬ್‌ವೂಫರ್ ಕೆಟ್ಟಿರಬೇಕೆಂದು ಮರುದಿನ ಅದನ್ನು ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಅದು ಚೆನ್ನಾಗಿಯೇ ಗುಡುಗಿತು.

ದೋಷವಿದ್ದದ್ದು ಕೋಣೆಯಲ್ಲಿ. 25 ಡಿಗ್ರಿ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ. ಆ ಲೆಕ್ಕದಲ್ಲಿ 1000 ಹರ್ಟ್ಸ್, ಅಂದರೆ ಸೆಕೆಂಡಿಗೆ ಸಾವಿರ ಸಲ ಕಂಪಿಸುವ, ಸ್ವರದ ಒಂದು ಅಲೆಯ ಉದ್ದ ಒಂದಡಿಗಿಂತ ತುಸು ಹೆಚ್ಚು, 80 ಹರ್ಟ್ಸ್‌ನದು 4.3 ಮೀಟರ್, 30 ಹರ್ಟ್ಸ್‌ನದು ಹನ್ನೊಂದೂವರೆ ಮೀಟರ್. ಎಂದರೆ ಮೇಲಿನ ಸ್ವರಗಳಿಗೆ ಬಯಲಿನಂತಿರುವ ನಮ್ಮ ಪಡಸಾಲೆ, ಮಂದ್ರದ ಅಲೆಗೆ ತನ್ನ ಮೈ ಹಿಡಿಸದ ಪೆಟ್ಟಿಗೆಯಾಗುತ್ತದೆ. ಆ ಅಲೆ ಗೋಡೆಗೆ ಬಡಿದು, ಮರಳಿ ಬಂದು, ತನ್ನ ಹಿಂದೆಯೇ ಬರುತ್ತಿರುವ ಅಲೆಯನ್ನು ಕೂಡಿಕೊಂಡು ಕೆಲವು ಕಡೆ ಇಮ್ಮಡಿಯಾಗುತ್ತದೆ, ಕೆಲವು ಕಡೆ ಅಳಿಸಿಹೋಗುತ್ತದೆ.

ಇದನ್ನು ಕಣ್ಣಿನಿಂದ ನೋಡುವ ಒಂದು ಸುಲಭ ದಾರಿಯಿದೆ. ಮನೆಗೆ ಹೋದ ಮೇಲೆ ಪರಾತದಲ್ಲಿ ಅರ್ಧದಷ್ಟು ನೀರು ಹಾಕಿ, ಎರಡೂ ಕೈಗಳಿಂದ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸಿ. ಒಂದು ಲಯ ಸಿಕ್ಕೊಡನೆ ನೀರು ತಾನಾಗಿಯೇ ತುಯ್ಯತೊಡಗುತ್ತದೆ: ಈ ಅಂಚಿನಲ್ಲಿ ಏರಿದಾಗ ಆ ಅಂಚಿನಲ್ಲಿ ಇಳಿಯುತ್ತದೆ, ನಡುವಿನ ನೀರು ಮಾತ್ರ ಇದ್ದ ಮಟ್ಟದಲ್ಲಿಯೇ ಇರುತ್ತದೆ. ಪರಾತ ದುಂಡಗಿರುತ್ತದೆ, ಕೋಣೆ ದುಂಡಗಿಲ್ಲ ಎಂದು ತಕರಾರು ತೆಗೆಯುವವರು ಚಹಾ ಕೊಡುವ ಚೌಕ ಟ್ರೇ ಬಳಸಬಹುದು. ನೀರಿನ ಏರಿಳಿತದ ಜಾಗದಲ್ಲಿ ಗಾಳಿಯ ಒತ್ತಡದ ಏರಿಳಿತವನ್ನು ಇಟ್ಟುಕೊಂಡರೆ ಕೋಣೆಯ ಮೊದಲ ಅನುರಣನ ಎಂದರೆ ಇದೇ. ಗೋಡೆಗಳ ಬಳಿ ಅಬ್ಬರ, ನಟ್ಟನಡುವೆ ಶೂನ್ಯ. ನನ್ನ ಕುರ್ಚಿ ಇದ್ದದ್ದು ಉದ್ದದ ನಟ್ಟನಡುವೆ, ಅಡುಗೆಮನೆಯ ಬಾಗಿಲು ಇದ್ದದ್ದು ಗೋಡೆಯ ಬಳಿ.

ಲೆಕ್ಕವೂ ಕಷ್ಟದ್ದಲ್ಲ. ಶಬ್ದದ ವೇಗವನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಅನುರಣನದ ಆವರ್ತನ ಸಿಗುತ್ತದೆ. ಅದರ ಎರಡರಷ್ಟು, ಮೂರರಷ್ಟು ಆವರ್ತನಗಳಲ್ಲಿ ಮುಂದಿನವು ಬರುತ್ತವೆ. ನನ್ನ ಪಡಸಾಲೆ 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಉದ್ದದ ದಿಕ್ಕಿನಲ್ಲಿ 31.5 ಹರ್ಟ್ಸ್, ಅಗಲದಲ್ಲಿ 47, ಎತ್ತರದಲ್ಲಿ 57. ಇದಿಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಉದ್ದ ಮತ್ತು ಅಗಲ ಮೂರಕ್ಕೆ ಎರಡರ ಪ್ರಮಾಣದಲ್ಲಿ ಇರುವುದರಿಂದ ಉದ್ದದ ಮೂರನೆಯ ಅನುರಣನವೂ ಅಗಲದ ಎರಡನೆಯದೂ ಒಂದೇ ಜಾಗಕ್ಕೆ, ಸುಮಾರು 95 ಹರ್ಟ್ಸ್‌ಗೆ, ಬಂದು ಒಂದರ ಮೇಲೊಂದು ಕೂರುತ್ತವೆ. ನಮ್ಮ ಕಡೆ ಮನೆ ಕಟ್ಟಿಸುವಾಗ ಎಲ್ಲರ ಬಾಯಲ್ಲಿಯೂ ಬರುವ "ಹತ್ತು ಬೈ ಹತ್ತು" ಕೋಣೆಯ ಕಥೆ ಇನ್ನೂ ಕೆಟ್ಟದ್ದು. ಛತ್ತಿನ ಎತ್ತರವೂ ಹತ್ತೇ ಅಡಿ ಆಗಿಬಿಟ್ಟರೆ ಮೂರೂ ದಿಕ್ಕಿನ ಅನುರಣನಗಳು 57 ಹರ್ಟ್ಸ್‌ನಲ್ಲಿ ಒಟ್ಟಾಗಿ ನಿಂತುಬಿಡುತ್ತವೆ. ಅಂಥ ಕೋಣೆಯಲ್ಲಿ ಸ್ಟೀರಿಯೊ ಇಡುವ ಯೋಚನೆ ಇದ್ದವರು ಇನ್ನೊಂದು ಕೋಣೆ ನೋಡುವುದು ಒಳ್ಳೆಯದು.

ಇಲ್ಲಿ ನಮ್ಮ ಗೋಡೆಗಳ ವಿಷಯವನ್ನು ಹೇಳಲೇಬೇಕು. ಸಬ್‌ವೂಫರ್ ಇಡುವ ಬಗ್ಗೆ ನಾವು ಓದುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದಲ್ಲಿ ಬರೆದವು, ಅಲ್ಲಿನ ಮನೆಗಳ ಒಳಗೋಡೆಗಳು ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದು ಮಾಡಿದವು. ಆ ಹಲಗೆ ಮಂದ್ರದ ಒತ್ತಡಕ್ಕೆ ತುಸು ಬಾಗಿ, ಅಲೆಯ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ನುಂಗಿಬಿಡುತ್ತದೆ. ವಿಜಯಪುರ, ಬಾಗಲಕೋಟೆಗಳ ಕಲ್ಲುಗೋಡೆ, ಇಟ್ಟಂಗಿ ಗೋಡೆ, ಮೇಲೆ ಆರ್‌ಸಿಸಿ ಛತ್ತು, ಕೆಳಗೆ ಕಲ್ಲಿನ ಹಾಸು ಇವು ಯಾವುವೂ ಬಾಗುವುದಿಲ್ಲ, ನುಂಗುವುದಿಲ್ಲ. ಬಂದ ಅಲೆಯನ್ನು ಹಾಗೆಯೇ ಮರಳಿ ಕಳಿಸುತ್ತವೆ. ಆದ್ದರಿಂದ ನಮ್ಮ ಕೋಣೆಗಳಲ್ಲಿ ಅನುರಣನದ ಶಿಖರ ಎತ್ತರ, ಕೊರಕಲು ಆಳ, ಸ್ವರ ನಿಂತ ಮೇಲೂ ಗುಂಯ್‌ಗುಡುವ ಹೊತ್ತು ದೀರ್ಘ. ಪರದೆ, ಜಮಖಾನೆಗಳನ್ನು ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅವು ಮೇಲಿನ ಸ್ವರಗಳ ಚುರುಕನ್ನು ತಗ್ಗಿಸುತ್ತವೆ ಅಷ್ಟೇ. ಹನ್ನೊಂದೂವರೆ ಮೀಟರಿನ ಅಲೆಗೆ ಅರ್ಧ ಇಂಚಿನ ಜಮಖಾನೆ ಇದ್ದದ್ದೂ ಗೊತ್ತಾಗುವುದಿಲ್ಲ.

ಈ ಊರಿನಲ್ಲಿ ಶಬ್ದದ ಬಗ್ಗೆ ಮಾತನಾಡುವಾಗ ಗೋಲಗುಂಬಜವನ್ನು ಬಿಟ್ಟು ಮುಂದೆ ಹೋಗಲಾಗದು. ನಿಮ್ಮಲ್ಲಿ ಒಬ್ಬರು ಈಗಾಗಲೇ ಅದನ್ನು ಕೇಳಿಯೂ ಕೇಳಿದರು: ಅಷ್ಟು ಗಟ್ಟಿಯಾದ ಗೋಡೆ, ಗುಮ್ಮಟಗಳಿದ್ದೂ ಅಲ್ಲಿ ಈ ತೊಂದರೆ ಏಕಿಲ್ಲ? ಅದರ ಒಳಗಿನ ಚೌಕದ ಒಂದೊಂದು ಬದಿಯೂ ಸುಮಾರು 41 ಮೀಟರ್. ಈಗ ಹೇಳಿದ ಲೆಕ್ಕವನ್ನೇ ಹಾಕಿದರೆ ಅದರ ಮೊದಲ ಅನುರಣನ 4 ಹರ್ಟ್ಸ್‌ನ ಆಸುಪಾಸಿನಲ್ಲಿ, ಅಂದರೆ ಕಿವಿಗೆ ಎಟುಕುವ 20 ಹರ್ಟ್ಸ್‌ಗಿಂತ ಎಷ್ಟೋ ಕೆಳಗೆ ಬೀಳುತ್ತದೆ. ನಮಗೆ ಕೇಳಿಸುವ ವ್ಯಾಪ್ತಿಗೆ ಬರುವ ಹೊತ್ತಿಗೆ ಅನುರಣನಗಳು ಎಷ್ಟು ದಟ್ಟವಾಗಿರುತ್ತವೆಂದರೆ, ಯಾವ ಒಂದು ಸ್ವರಕ್ಕೂ ಪ್ರತ್ಯೇಕ ಪಕ್ಷಪಾತ ಉಳಿಯುವುದಿಲ್ಲ. ಅಲ್ಲಿನ ತೊಂದರೆ ಕಾಲದ್ದು, ಆಡಿದ ಮಾತು ಮತ್ತೆ ಮತ್ತೆ ಮರಳಿ ಬರುತ್ತದೆ. ನಮ್ಮ ಪಡಸಾಲೆಯ ತೊಂದರೆ ಜಾಗದ್ದು. ಒಂದು ಸ್ವರ ಸೋಫಾದ ಈ ತುದಿಯಲ್ಲಿ ಉಬ್ಬುತ್ತದೆ, ಆ ತುದಿಯಲ್ಲಿ ಮಾಯವಾಗುತ್ತದೆ.

ಇದು ಸಂಗೀತಕ್ಕೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ಡಗ್ಗಾದಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ವಾದಕರು "ಘೇ" ನುಡಿಸಿ, ಮುಂಗೈಯನ್ನು ಚರ್ಮದ ಮೇಲೆ ಒತ್ತುತ್ತ ಜಾರಿಸಿದಾಗ ಸ್ವರವು ಕೆಳಗಿನಿಂದ ಮೇಲಕ್ಕೆ ಎಲ್ಲಿಯೂ ಕಡಿಯದೆ ಸರಿಯುತ್ತದೆ. ಎದುರಿಗೆ ಕುಳಿತು ಕೇಳಿದವರಿಗೆ ಆ ಜಾರುವಿಕೆಯ ನುಣುಪು ಗೊತ್ತು. ಅದೇ ಧ್ವನಿಮುದ್ರಿಕೆಯನ್ನು ನನ್ನ ಮೂಲೆಯ ಸಬ್‌ವೂಫರ್‌ನಲ್ಲಿ ಕೇಳಿದಾಗ ಆ ಜಾರುವಿಕೆ, ಅಂದರೆ ಮೀಂಡು, ಮೆಟ್ಟಿಲು ಮೆಟ್ಟಿಲಾಗಿ ಕೇಳಿಸುತ್ತಿತ್ತು: ಮೊದಲು ಏನೂ ಇಲ್ಲ, ಆಮೇಲೆ ಒಮ್ಮೆಲೇ ಒಂದು ಗುಂಭ, ಮತ್ತೆ ತಗ್ಗು, 95ರ ಬಳಿ ಇನ್ನೊಂದು ಗುಂಭ. ವಾದಕರ ಮುಂಗೈ ಮಾಡಿದ ಕೆಲಸವನ್ನು ನನ್ನ ಗೋಡೆಗಳು ತಿದ್ದಿ ಬರೆಯುತ್ತಿದ್ದವು. ಸಬ್‌ವೂಫರ್ ಎಂದರೆ ಸಿನಿಮಾದ ಬಾಂಬು, ಡಿ.ಜೆ. ಅಬ್ಬರ ಎಂದು ಮೂಗು ಮುರಿಯುವ ನಮ್ಮ ಶಾಸ್ತ್ರೀಯ ಸಂಗೀತದ ಗೆಳೆಯರಿಗೆ ನಾನು ಇದೇ ಡಗ್ಗಾದ ಮೀಂಡನ್ನು ಕೇಳಿಸುತ್ತೇನೆ. ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು, ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್. ಅವರ ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿ ಅದರ ಅರ್ಧ, 69. ಅಲ್ಲಿಯೂ ಕೋಣೆ ಕೈಯಾಡಿಸುತ್ತದೆ.

ಬೇರೆ ಬೇರೆ ಆವರ್ತನಗಳ ಮಟ್ಟವನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಿಂದ ಸರಿಪಡಿಸಬಹುದಲ್ಲ ಎಂದು ಕೇಳುವಿರಿ. ಉಬ್ಬಿದ್ದನ್ನು ತಗ್ಗಿಸಬಹುದು, ಅದೂ ಒಂದು ಕುರ್ಚಿಯ ಮಟ್ಟಿಗೆ. ಕೊರಕಲನ್ನು ಮಾತ್ರ ತುಂಬಲಾಗದು, ಏಕೆಂದರೆ ಅಲ್ಲಿ ಎರಡು ಅಲೆಗಳು ಒಂದನ್ನೊಂದು ಅಳಿಸುತ್ತಿವೆ. ಒಂದನ್ನು ಹೆಚ್ಚಿಸಿದರೆ ಗೋಡೆಯಿಂದ ಮರಳಿ ಬರುವ ಇನ್ನೊಂದೂ ಅಷ್ಟೇ ಹೆಚ್ಚುತ್ತದೆ. ಸೋಸುವ ಚಾಳಣಿಯಲ್ಲಿ ನೀರು ಹಿಡಿದಂತೆ ಎಷ್ಟು ಸುರಿದರೂ ಅಷ್ಟೂ ಹೋಗುತ್ತದೆ. ನಡುವೆ ಆಂಪ್ಲಿಫೈಯರ್ ಬೇಯುತ್ತದೆ, ಸ್ಪೀಕರಿನ ಕಂಪಿಸುವ ಕೋನ್ ಅಳತೆ ಮೀರಿ ಓಡಾಡುತ್ತದೆ, ಅಡುಗೆಮನೆಯ ತಾಟು ಕುಣಿಯುತ್ತದೆ.

ಈಗ ಪರಾತಕ್ಕೆ ಮರಳೋಣ. ನೀರು ಶಾಂತವಾದ ಮೇಲೆ ಒಂದೇ ಅಂಚಿನಲ್ಲಿ ಅಂಗೈಯನ್ನು ಲಯಬದ್ಧವಾಗಿ ಅದ್ದಿ ಎತ್ತಿದರೆ ಮೊದಲಿನ ತುಯ್ದಾಟ ಮತ್ತೆ ಶುರುವಾಗುತ್ತದೆ. ಮೂಲೆಯಲ್ಲಿಟ್ಟ ಒಂಟಿ ಸಬ್‌ವೂಫರ್ ಮಾಡುವುದು ಇದನ್ನೇ. ಅದರ ಬದಲು ಎದುರುಬದುರಿನ ಎರಡು ಅಂಚುಗಳಲ್ಲಿ ಎರಡು ಅಂಗೈಗಳನ್ನು ಒಂದೇ ಹೊತ್ತಿಗೆ ಅದ್ದಿ, ಒಂದೇ ಹೊತ್ತಿಗೆ ಎತ್ತಿ ನೋಡಿ. ಎಡಗೈ ನೀರನ್ನು ಬಲಕ್ಕೆ ತಳ್ಳುವಾಗ ಬಲಗೈ ಅದನ್ನು ಎಡಕ್ಕೆ ತಳ್ಳುತ್ತದೆ. ಅಂಚಿನಿಂದ ಅಂಚಿಗೆ ತೂಗುವ ಆ ದೊಡ್ಡ ತುಯ್ದಾಟ ಹುಟ್ಟುವುದೇ ಇಲ್ಲ. ಮುಂದಿನ ಗೋಡೆಯ ನಡುವೆ ಒಂದು, ಹಿಂದಿನ ಗೋಡೆಯ ನಡುವೆ ಇನ್ನೊಂದು ಸಬ್‌ವೂಫರ್ ಇಟ್ಟು ಎರಡಕ್ಕೂ ಒಂದೇ ಸಂಕೇತ ಕೊಟ್ಟರೆ ನನ್ನ ಪಡಸಾಲೆಯ 31.5 ಹರ್ಟ್ಸ್ ಅನುರಣನ ಹೀಗೆ ತಣ್ಣಗಾಗುತ್ತದೆ. ಎರಡೂ ಅಗಲದ ನಟ್ಟನಡುವೆ ಇರುವುದರಿಂದ, ಅಂದರೆ ಅಗಲದ ತುಯ್ದಾಟದ ಶೂನ್ಯ ಜಾಗದಲ್ಲಿ ಇರುವುದರಿಂದ, 47 ಹರ್ಟ್ಸ್‌ನದನ್ನೂ ಅವು ಎಬ್ಬಿಸಲಾರವು. ಪಕ್ಕದ ಎರಡು ಗೋಡೆಗಳ ನಡುವೆಯೂ ಒಂದೊಂದು ಇಟ್ಟರೆ ಉದ್ದ, ಅಗಲಗಳ ಎರಡನೆಯ ಅನುರಣನಗಳೂ ಪರಸ್ಪರ ಹೊಡೆದುಹೋಗುತ್ತವೆ.

ಇದನ್ನು ಕ್ರಮಬದ್ಧವಾಗಿ ಲೆಕ್ಕ ಹಾಕಿ ತೋರಿಸಿದವರು ಧ್ವನಿ ಉಪಕರಣಗಳನ್ನು ಮಾಡುವ ಹರ್ಮನ್ ಸಂಸ್ಥೆಯಲ್ಲಿದ್ದ ಟಾಡ್ ವೆಲ್ಟಿ. 2002ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಅವರು ಆಯತಾಕಾರದ ಕೋಣೆಗಳಲ್ಲಿ ಒಂದರಿಂದ ಹಿಡಿದು ಬಹು ಸಂಖ್ಯೆಯ ಸಬ್‌ವೂಫರ್‌ಗಳನ್ನು ಬೇರೆ ಬೇರೆ ರೀತಿಯಲ್ಲಿ ಇಟ್ಟು, ಕುಳಿತವರ ಜಾಗದಿಂದ ಜಾಗಕ್ಕೆ ಮಂದ್ರ ಎಷ್ಟು ಬದಲಾಗುತ್ತದೆ ಎಂದು ಪರೀಕ್ಷಿಸಿದರು. ನಾಲ್ಕು ಗೋಡೆಗಳ ನಡುವೆ ನಾಲ್ಕು ಇಡುವುದು ಬಹಳ ಒಳ್ಳೆಯದು, ಎದುರುಬದುರಿನ ಗೋಡೆಗಳ ನಡುವೆ ಎರಡೇ ಇಟ್ಟರೂ ಅದಕ್ಕೆ ಸಾಕಷ್ಟು ಹತ್ತಿರ ಬರುತ್ತದೆ, ನಾಲ್ಕನ್ನು ಮೀರಿ ಹೆಚ್ಚಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂಬುದು ಅಲ್ಲಿ ಕಂಡುಬಂದ ಮುಖ್ಯ ಸಂಗತಿ. ಇಲ್ಲಿ ಅಳೆದದ್ದು ಮಂದ್ರದ ಸಮತೆಯನ್ನು, ಅದರ ಗಾತ್ರವನ್ನಲ್ಲ ಎಂಬುದನ್ನು ಗಮನಿಸಬೇಕು. "ನಾಲ್ಕು ಸಬ್‌ವೂಫರಾ? ಮನಿ ಬೀಳಸ್ತೀರೇನು?" ಎಂದು ಕೇಳುವವರಿಗೆ ನಾನು ಕೊಡುವ ಉತ್ತರವೂ ಇದೇ. ಕೋಣೆಯ ಅನುರಣನಗಳನ್ನು ಎಬ್ಬಿಸದೆ ಬಿಟ್ಟಾಗ ಅವುಗಳಿಂದ ಸಿಗುತ್ತಿದ್ದ ಪುಕ್ಕಟೆ ಅಬ್ಬರವೂ ತಪ್ಪಿಹೋಗುತ್ತದೆ. ಒಟ್ಟು ಮಂದ್ರ ಮೊದಲಿಗಿಂತ ಕಡಿಮೆಯೇ ಅನಿಸಬಹುದು. ಆ ಕೊರತೆಯನ್ನು ನಾಲ್ವರು ಹಂಚಿಕೊಂಡು ತುಂಬುವುದರಿಂದ ಒಂದೊಂದರ ಮೇಲಿನ ಹೊರೆ ಹಗುರ. ಆದಕಾರಣ ದೊಡ್ಡದೊಂದನ್ನು ಮಾರಿ ಇನ್ನೂ ದೊಡ್ಡದನ್ನು ತರುವ ಮುನ್ನ, ಸಣ್ಣದೊಂದನ್ನು ಜೊತೆಗೆ ತನ್ನಿ ಎಂದು ನಾನು ಹೇಳುತ್ತೇನೆ.

ಆದರೆ ವೆಲ್ಟಿಯವರ ಕೋಣೆ ಬಾಗಿಲುಗಳಿಲ್ಲದ ಆಯತ. ನಮ್ಮ ಪಡಸಾಲೆಯ ಮುಂದಿನ ಗೋಡೆಯ ನಡುವೆ ತಲೆಬಾಗಿಲು, ಹಿಂದಿನ ಗೋಡೆಯಲ್ಲಿ ಅಡುಗೆಮನೆಯ ದಾರಿ, ಒಂದು ಪಕ್ಕದಲ್ಲಿ ದೇವರ ಜಗುಲಿ, ಇನ್ನೊಂದು ಪಕ್ಕದಲ್ಲಿ ಮಾಳಿಗೆಯ ಮೆಟ್ಟಿಲು. ಸರಿಯಾದ ಜಾಗ ಖಾಲಿ ಇರುವುದೇ ಇಲ್ಲ. ಅಂಥಲ್ಲಿ ಅರ್ಲ್ ಗೆಡ್ಡಿಸ್ ಎಂಬ ಧ್ವನಿತಜ್ಞರ ದಾರಿ ಹೆಚ್ಚು ಉಪಯುಕ್ತ. ಅವರು ಸಮ್ಮಿತಿಯ ಗೋಜಿಗೆ ಹೋಗುವುದಿಲ್ಲ. ಒಂದನ್ನು ಮೂಲೆಯಲ್ಲಿ, ಇನ್ನೊಂದನ್ನು ಅದಕ್ಕೆ ದೂರದ ಗೋಡೆಯ ಬಳಿ, ಮತ್ತೊಂದನ್ನು ಇವೆರಡಕ್ಕೂ ಹೊಂದದ ಇನ್ನೆಲ್ಲೋ ಇಡಿ, ಸಾಧ್ಯವಾದರೆ ಒಂದನ್ನು ನೆಲದಿಂದ ಮೇಲೆತ್ತಿ ಎನ್ನುತ್ತಾರೆ. ಪ್ರತಿಯೊಂದೂ ಅನುರಣನಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಎಬ್ಬಿಸುವುದರಿಂದ ಒಂದರ ಕೊರಕಲನ್ನು ಇನ್ನೊಂದರ ಉಬ್ಬು ಮುಚ್ಚುತ್ತದೆ. ಮೇಲೆತ್ತುವ ಮಾತು ನನಗೆ ಬಹಳ ಹಿಡಿಸಿತು, ಏಕೆಂದರೆ ಎಲ್ಲವನ್ನೂ ನೆಲದ ಮೇಲೆಯೇ ಇಟ್ಟರೆ ಎತ್ತರದ ದಿಕ್ಕಿನ 57 ಹರ್ಟ್ಸ್ ಅನುರಣನವನ್ನು ಎಲ್ಲವೂ ಸೇರಿ ಎಬ್ಬಿಸುತ್ತವೆ. ನಮ್ಮ ಮನೆಯಲ್ಲಿ ಹಂಡೆ, ಕೊಪ್ಪರಿಗೆಗಳನ್ನು ಇಡುವ ಅಟ್ಟವಿದೆ. ಅದರ ಮೇಲೆ 8 ಇಂಚಿನ ಒಂದು ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್ ಏರಿಸಿದೆ. ಕೊಪ್ಪರಿಗೆಗಳನ್ನು ಕೆಳಗಿಳಿಸಲು ಅವ್ವನನ್ನು ಒಪ್ಪಿಸುವುದಕ್ಕೆ ಹಿಡಿದ ಸಮಯ, ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು. ಇಳಿಸದೆ ಬಿಟ್ಟಿದ್ದರೆ ಅವೂ ಮಾತಾಡುತ್ತಿದ್ದವು.

ಮೊದಲನೆಯದಕ್ಕೆ ಜಾಗ ಹುಡುಕಲು ಹಳೆಯ ಉಪಾಯವೊಂದಿದೆ. ಸಬ್‌ವೂಫರನ್ನು ನೀವು ಕುಳಿತು ಕೇಳುವ ಕುರ್ಚಿಯ ಮೇಲೆ ಇಟ್ಟು, ಕೆಳಗಿನ ಸ್ವರಗಳೆಲ್ಲ ಬರುವ ಯಾವುದಾದರೂ ಸಂಗೀತ ಹಚ್ಚಿ, ನೀವು ಗೋಡೆಗುಂಟ ಮೊಣಕಾಲೂರಿ ಅಂಬೆಗಾಲಿಡುತ್ತ ಹೋಗಿ. ಯಾವ ಜಾಗದಲ್ಲಿ ಸ್ವರಗಳೆಲ್ಲ ಸಮನಾಗಿ ಕೇಳಿಸುತ್ತವೆಯೋ ಅಲ್ಲಿ ಸಬ್‌ವೂಫರ್ ಇಟ್ಟು ನೀವು ಕುರ್ಚಿಗೆ ಮರಳಿದರೆ ಅದೇ ಸಮತೆ ಅಲ್ಲಿ ಸಿಗುತ್ತದೆ. ಶಬ್ದದ ಮೂಲವನ್ನೂ ಕಿವಿಯನ್ನೂ ಅದಲುಬದಲು ಮಾಡಿದರೆ ನಡುವಿನ ಸಂಬಂಧ ಬದಲಾಗದು ಎಂಬ, ಹತ್ತೊಂಬತ್ತನೆಯ ಶತಮಾನದಲ್ಲಿ ಭೌತವಿಜ್ಞಾನಿಗಳಾದ ಹೆಲ್ಮ್‌ಹೋಲ್ಟ್ಸ್ ಮತ್ತು ರೇಲಿ ವಿವರಿಸಿದ ನಿಯಮದ ಬಳಕೆ ಇದು. ಮನೆಗೆ ಬೀಗರು ಬಂದಿರುವ ದಿನ ಇದನ್ನು ಮಾಡಬೇಡಿ.

ಇನ್ನು ಸಬ್‌ವೂಫರ್‌ಗಳನ್ನು ಮುಖ್ಯ ಸ್ಪೀಕರ್‌ಗಳಿಗೆ ಬೆಸೆಯುವ ಕೆಲಸ. ಹಲವರು ಇಲ್ಲಿಯೇ ಸೋಲುತ್ತಾರೆ. ಸಬ್‌ವೂಫರ್ ಒಂದು ಕಡೆ, ಮುಖ್ಯ ಸ್ಪೀಕರ್ ಇನ್ನೊಂದು ಕಡೆ ಎಂದು ಬೇರೆ ಬೇರೆಯಾಗಿ ಕೇಳಿಸತೊಡಗಿದರೆ ಎಷ್ಟು ಸಬ್‌ವೂಫರ್ ಇದ್ದೂ ಪ್ರಯೋಜನವಿಲ್ಲ. ಡಗ್ಗಾದ ಒಂದು ಪೆಟ್ಟಿನಲ್ಲಿ ಬೆರಳು ತಾಗಿದ ಸದ್ದು ಮುಖ್ಯ ಸ್ಪೀಕರಿನಿಂದ ಬರುತ್ತದೆ, ಅದರ ಗುಂಭದ ತಳಭಾಗ ಸಬ್‌ವೂಫರ್‌ನಿಂದ ಬರುತ್ತದೆ. ಎರಡೂ ಒಂದೇ ಕೈಯಿಂದ ಬಂದಂತೆ ಕೇಳಿಸಬೇಕು.

ಎಲ್ಲಿಂದ ಕೆಳಗೆ ಸಬ್‌ವೂಫರ್‌ಗೆ ಬಿಟ್ಟುಕೊಡಬೇಕು ಎಂಬುದು ಮೊದಲ ಪ್ರಶ್ನೆ. ಸಿನಿಮಾ ವ್ಯವಸ್ಥೆಗಳಲ್ಲಿ 80 ಹರ್ಟ್ಸ್ ರೂಢಿಯಾಗಿದೆ, ಏಕೆಂದರೆ ಅದರ ಕೆಳಗಿನ ಶಬ್ದ ಎಲ್ಲಿಂದ ಬರುತ್ತಿದೆ ಎಂದು ಗುರುತಿಸುವುದು ಕೋಣೆಯೊಳಗೆ ನಮ್ಮ ಕಿವಿಗೆ ಬಹಳ ಕಷ್ಟ. ಆದರೆ ಈ ಮಾತಿಗೆ ಒಂದು ಷರತ್ತಿದೆ. ಸಬ್‌ವೂಫರ್ ಆ ಗಡಿಯ ಮೇಲೆ ನಿಜವಾಗಿಯೂ ಬಾಯಿ ಮುಚ್ಚಿಕೊಂಡಿರಬೇಕು. ಗಡಿಯ ಮೇಲಿನದನ್ನು ತಡೆಯುವ ಫಿಲ್ಟರಿನ ಇಳಿಜಾರು ಕಡಿದಾಗಿರದಿದ್ದರೆ 150, 200 ಹರ್ಟ್ಸ್‌ನ ಚೂರುಗಳು ಸೋರಿ, ಹಾಡುವವರ ದನಿಯ ಬುಡ ಸೋಫಾದ ಹಿಂದಿನಿಂದ ಕೇಳಿಸತೊಡಗುತ್ತದೆ. ಹಾಗೆಯೇ ಸಣ್ಣ ಸಬ್‌ವೂಫರನ್ನು ಶಕ್ತಿ ಮೀರಿ ದುಡಿಸಿದರೆ ಅದರ ವಿಕೃತಿಯ ಸ್ವರಗಳೂ ಗಾಳಿಕಿಂಡಿಯ ಬುಸುಗುಟ್ಟುವಿಕೆಯೂ ಅದರ ಜಾಗವನ್ನು ಹೇಳಿಕೊಟ್ಟುಬಿಡುತ್ತವೆ. ಆಕ್ಟೇವಿಗೆ, ಅಂದರೆ ಆವರ್ತನ ಇಮ್ಮಡಿಯಾದಂತೆಲ್ಲ, ಸದ್ದು 24 ಡೆಸಿಬೆಲ್ ಇಳಿಯುವ ಲಿಂಕ್‌ವಿಟ್ಜ್-ರೈಲಿ ಫಿಲ್ಟರ್ ಇದಕ್ಕೆ ಹೇಳಿ ಮಾಡಿಸಿದ್ದು. ಕೋಣೆಯ ತುಂಬ ಹರಡಿದ ಸಬ್‌ವೂಫರ್‌ಗಳಿಗೆ ನಾನು 80ಕ್ಕಿಂತ ತುಸು ಕೆಳಗೆ, 60ರಿಂದ 70ರ ನಡುವೆ ಗಡಿ ಹಾಕುವುದನ್ನು ಇಷ್ಟಪಡುತ್ತೇನೆ, ಮುಖ್ಯ ಸ್ಪೀಕರ್‌ಗಳಿಗೆ ಅಲ್ಲಿಯವರೆಗೆ ಇಳಿಯುವ ತಾಕತ್ತು ಇದ್ದರೆ. ಪುಸ್ತಕದ ಗೂಡಿನಲ್ಲಿಡುವ ಸಣ್ಣ ಸ್ಪೀಕರ್ ಇರುವವರು 80ರಲ್ಲಿಯೇ ಇರಲಿ, ಮತ್ತು ಆ ಸ್ಪೀಕರ್‌ಗಳಿಗೆ ಹೋಗುವ ಮಂದ್ರವನ್ನು ಕಡಿದು ಕಳಿಸಲಿ. ಅವುಗಳ ಕೋನ್ ಹಗುರಾಗಿ ಮಧ್ಯ ಸಪ್ತಕವೂ ತಿಳಿಯಾಗುತ್ತದೆ.

ಎರಡನೆಯದು ಕಾಲ. ಒಂದು ಮಿಲಿಸೆಕೆಂಡಿನಲ್ಲಿ ಶಬ್ದ ಸುಮಾರು 35 ಸೆಂಟಿಮೀಟರ್ ಸಾಗುತ್ತದೆ. ಮುಖ್ಯ ಸ್ಪೀಕರಿಗಿಂತ ಒಂದು ಮೀಟರ್ ದೂರವಿರುವ ಸಬ್‌ವೂಫರ್‌ನ ಸದ್ದು ಸುಮಾರು 3 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 80 ಹರ್ಟ್ಸ್‌ನಲ್ಲಿ ಅದು ಒಂದು ಅಲೆಯ ಕಾಲು ಭಾಗ. ಎರಡು ಮೀಟರ್ ದೂರವಿದ್ದರೆ ಅರ್ಧ ಅಲೆ, ಅಂದರೆ ಎರಡೂ ಒಂದನ್ನೊಂದು ಅಳಿಸುವ ಸ್ಥಿತಿ. ಸಬ್‌ವೂಫರ್‌ನೊಳಗೆ ಡಿಎಸ್‌ಪಿ (ಸಂಕೇತವನ್ನು ಅಂಕಿಗಳಾಗಿ ಸಂಸ್ಕರಿಸುವ ಚಿಪ್) ಇದ್ದರೆ ಅದೂ ತನ್ನ ಪಾಲಿನ ತಡವನ್ನು ಸೇರಿಸುತ್ತದೆ. ಆದ್ದರಿಂದ ಮಿನಿಡಿಎಸ್‌ಪಿಯಂಥ ಸಾಧನ ಬಳಸುವವರು ಎಲ್ಲಕ್ಕಿಂತ ತಡವಾಗಿ ತಲುಪುವುದನ್ನು ಹಾಗೆಯೇ ಬಿಟ್ಟು, ಉಳಿದವನ್ನು ಅದಕ್ಕೆ ಸರಿಯಾಗಿ ತಡಮಾಡಬೇಕು. ಅಂಥ ಸಾಧನವಿಲ್ಲದೆ ಅಲೆಯನ್ನು ಹಿಂದೆಮುಂದೆ ಸರಿಸುವ ಹಿಂಬದಿಯ ಫೇಸ್ ಗುಂಡಿಯನ್ನಷ್ಟೇ ನಂಬಿದವರಿಗೂ ಒಂದು ದಾರಿಯಿದೆ. ಗಡಿಯ ಆವರ್ತನದ ಒಂದೇ ಸ್ವರವನ್ನು ಹಚ್ಚಿ, ಸಬ್‌ವೂಫರ್‌ನ ಪೊಲಾರಿಟಿಯನ್ನು (ಧನ-ಋಣ ತುದಿಗಳನ್ನು) ಬೇಕೆಂದೇ ಉಲ್ಟಾ ಮಾಡಿ, ಕುರ್ಚಿಯಲ್ಲಿ ಕುಳಿತವರಿಗೆ ಸದ್ದು ಅತ್ಯಂತ ಕಡಿಮೆ ಕೇಳಿಸುವವರೆಗೆ ಇನ್ನೊಬ್ಬರು ಫೇಸ್ ಗುಂಡಿ ತಿರುವಬೇಕು. ಆಮೇಲೆ ಪೊಲಾರಿಟಿಯನ್ನು ಮೊದಲಿನಂತೆ ಮಾಡಿದರೆ ಅದೇ ಜಾಗದಲ್ಲಿ ಎರಡೂ ಅತ್ಯಂತ ಚೆನ್ನಾಗಿ ಕೂಡಿರುತ್ತವೆ. ಸದ್ದು ಎಲ್ಲಿ ಹೆಚ್ಚು ಎಂದು ಗುರುತಿಸುವುದಕ್ಕಿಂತ ಎಲ್ಲಿ ಸತ್ತಿತು ಎಂದು ಗುರುತಿಸುವುದು ಕಿವಿಗೆ ಸುಲಭವಾದ್ದರಿಂದ ಈ ತಿರುವುಮುರುವು.

ಅಳತೆಯ ವಿಷಯದಲ್ಲಿ ಜಿಪುಣತನ ಬೇಡ. ಆರ್‌ಇಡಬ್ಲ್ಯೂ (ರೂಮ್ ಇಕ್ಯೂ ವಿಝರ್ಡ್) ಎಂಬ, ಕೋಣೆಯ ಶಬ್ದ ಅಳೆಯುವ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ. ಯುಎಸ್‌ಬಿಯ ಅಳತೆ ಮೈಕ್ ಒಂದನ್ನು ನಾಲ್ಕೈದು ಗೆಳೆಯರು ಸೇರಿ ಕೊಂಡರೂ ಸಾಕು. ಕುರ್ಚಿಯೊಂದರಲ್ಲೇ ಅಳೆಯದೆ ಸೋಫಾದ ಎರಡೂ ತುದಿ, ನಡುವೆ, ಹಿಂದಿನ ದಿವಾನದ ಮೇಲೆ ಹೀಗೆ ನಾಲ್ಕಾರು ಜಾಗಗಳಲ್ಲಿ ಅಳೆಯಿರಿ. ಮೊದಲು ಒಂದೊಂದೇ ಸಬ್‌ವೂಫರ್, ಆಮೇಲೆ ಎಲ್ಲವೂ ಸೇರಿ. ಒಂದೇ ಮಟ್ಟದ ಎರಡು ಸಬ್‌ವೂಫರ್‌ಗಳು ಸರಿಯಾಗಿ ಕೂಡಿದಾಗ ಒಟ್ಟು ಮಟ್ಟ 6 ಡೆಸಿಬೆಲ್ ಏರುತ್ತದೆ, ಅಷ್ಟನ್ನು ಇಳಿಸಿಕೊಳ್ಳಬೇಕು. ಎಲ್ಲ ಜಾಗಗಳಲ್ಲಿಯೂ ಒಂದೇ ಆವರ್ತನದಲ್ಲಿ ಕಾಣಿಸುವ ಉಬ್ಬನ್ನು ಮಾತ್ರ ಈಕ್ವಲೈಜರ್‌ನಿಂದ ತಗ್ಗಿಸಿ. ಒಂದೇ ಜಾಗದಲ್ಲಿ ಕಾಣಿಸುವ ಉಬ್ಬುತಗ್ಗನ್ನು ಮುಟ್ಟಬೇಡಿ; ಅದನ್ನು ತಿದ್ದಿದರೆ ಉಳಿದವರ ಜಾಗ ಕೆಡುತ್ತದೆ. ಈ ಕ್ರಮಕ್ಕೆ ಅಡ್ಡದಾರಿ ಇಲ್ಲ: ಮೊದಲು ಜಾಗ, ಆಮೇಲೆ ಕಾಲ ಮತ್ತು ಮಟ್ಟ, ಈಕ್ವಲೈಜರ್ ಕೊನೆಗೆ. ನಮ್ಮವರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ.

ಮಟ್ಟ ಕೂರಿಸುವಾಗ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಪ್ರಕಟಿಸಿದ, ಬೇರೆ ಬೇರೆ ಸ್ವರಗಳು ಕಿವಿಗೆ ಸಮನಾಗಿ ಕೇಳಿಸುವ ಮಟ್ಟಗಳನ್ನು ತೋರಿಸುವ ರೇಖೆಗಳಿಂದ ತಿಳಿದುಬಂದಂತೆ, ಕೆಳಗಿನ ಸ್ವರಗಳಲ್ಲಿ ನಮ್ಮ ಕಿವಿ ಮೊದಲು ಮಂದ, ಒಮ್ಮೆ ಕೇಳಿಸತೊಡಗಿದ ಮೇಲೆ ಬಲು ಚುರುಕು. 1000 ಹರ್ಟ್ಸ್‌ನಲ್ಲಿ ಸದ್ದು ಇಮ್ಮಡಿಯಾದಂತೆ ಅನಿಸಲು ಸುಮಾರು 10 ಡೆಸಿಬೆಲ್ ಏರಬೇಕು. 40 ಹರ್ಟ್ಸ್‌ನಲ್ಲಿ ಆರೇಳು ಡೆಸಿಬೆಲ್ ಸಾಕು. ಬೆಳಿಗ್ಗೆ ಮೆಲುದನಿಯಲ್ಲಿ ಕೂರಿಸಿದ ಮಟ್ಟ ಸಂಜೆ ದನಿ ಏರಿಸಿದಾಗ ಅತಿಯಾಗುವುದು ಈ ಕಾರಣಕ್ಕೆ. ನಾನು ಸಾಮಾನ್ಯವಾಗಿ ಕೇಳುವ ದನಿಯಲ್ಲಿ ಮಟ್ಟ ಕೂರಿಸಿ, ಮನೆಯಲ್ಲಿ ಯಾರಿಗಾದರೂ ಹೇಳಿ, ನನಗೆ ತಿಳಿಸದಂತೆ ಸಬ್‌ವೂಫರ್‌ಗಳನ್ನು ಬಂದ್ ಮಾಡಲು ಬಿಡುತ್ತೇನೆ. ಇದ್ದಾಗ ಅವುಗಳ ಕಡೆ ಗಮನ ಹೋಗದೆ, ಬಂದ್ ಆದಾಗ ಮಾತ್ರ ಪಡಸಾಲೆ ಒಮ್ಮೆಲೇ ಕಿರಿದಾದಂತೆ ಅನಿಸಿದರೆ ಮಟ್ಟ ಸರಿಯಾಗಿದೆ ಎಂದರ್ಥ.

ಕೊನೆಗೆ ಗುಂಯ್‌ಗುಡುವಿಕೆಯ ಮಾತು, ಏಕೆಂದರೆ ಹಲವು ಸಬ್‌ವೂಫರ್ ಇಟ್ಟವರನ್ನು ನಮ್ಮ ಊರುಗಳಲ್ಲಿ ಮೊದಲು ಕಾಡುವುದು ಅದೇ. ಕೋಣೆಯ ನಾಲ್ಕು ದಿಕ್ಕಿನ ಬೇರೆ ಬೇರೆ ಪ್ಲಗ್ಗುಗಳಿಗೆ ನಾಲ್ಕು ಸಬ್‌ವೂಫರ್ ಜೋಡಿಸಿ, ಅವುಗಳನ್ನೆಲ್ಲ ಸಂಕೇತದ ವೈರಿನಿಂದ ಒಂದೇ ಆಂಪ್ಲಿಫೈಯರ್‌ಗೆ ಕಟ್ಟಿದಾಗ, ಆ ವೈರಿನ ಹೊದಿಕೆ ಮತ್ತು ಗೋಡೆಯೊಳಗಿನ ಅರ್ಥಿಂಗ್ ವೈರು ಸೇರಿ ಒಂದು ದೊಡ್ಡ ಸುತ್ತು ಆಗುತ್ತದೆ. ಅದರಲ್ಲಿ ಹರಿಯುವ ಸಣ್ಣ ವಿದ್ಯುತ್ತು 50 ಹರ್ಟ್ಸ್ ಮತ್ತು ಅದರ ಗುಣಕಗಳಾಗಿ ಕೇಳಿಸುತ್ತದೆ. ಸಬ್‌ವೂಫರ್‌ಗೆ ಅದು ಮೃಷ್ಟಾನ್ನ. ಮೂರು ಪಿನ್ನಿನ ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಕಿತ್ತುಹಾಕಿದರೆ ಸದ್ದು ನಿಲ್ಲುತ್ತದೆ ಎಂದು ಕೆಲವು ವೈರಿಂಗ್ ಮಾಡುವವರು ಸಲಹೆ ಕೊಡುತ್ತಾರೆ. ಸದ್ದು ನಿಲ್ಲುವುದು ನಿಜ, ಆದರೆ ಒಳಗೆ ಏನಾದರೂ ಕೆಟ್ಟ ದಿನ ಪೆಟ್ಟಿಗೆಯ ಹಿಂಬದಿಯ ತಗಡೇ ಶಾಕ್ ಹೊಡೆಯುತ್ತದೆ. ಮಕ್ಕಳಿರುವ ಮನೆಯಲ್ಲಿ ಆ ಕೆಲಸ ಮಾಡಲೇಬೇಡಿ. ಎಲ್ಲವನ್ನೂ ಒಂದೇ ಬೋರ್ಡಿನಿಂದ ಎಳೆದ ಒಳ್ಳೆಯ ಎಕ್ಸ್‌ಟೆನ್ಶನ್ ವೈರುಗಳಿಗೆ ಜೋಡಿಸಿ. ಆಗಲೂ ನಿಲ್ಲದಿದ್ದರೆ ಸಂಕೇತದ ವೈರಿನಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಆದರೆ ಅಗ್ಗದ್ದು ಹಾಕಿದರೆ 30 ಹರ್ಟ್ಸ್‌ನ ಕೆಳಗಿನದು ಅದರಲ್ಲಿಯೇ ಸೋರಿಹೋಗುತ್ತದೆ. ಕರೆಂಟು ಹೋದಾಗ ಚೌಕ ಅಲೆಯ ಇನ್ವರ್ಟರ್ ಮೇಲೆ ಗುಂಯ್‌ಗುಟ್ಟಿದರೆ ಅದು ಬೇರೆ ರೋಗ, ಅದಕ್ಕೆ ಇನ್ವರ್ಟರನ್ನೇ ಬದಲಿಸಬೇಕು.

ಬೇಸಿಗೆಯಲ್ಲಿ ಹೊಂದಾಣಿಕೆ ಕೆಡುತ್ತದೆಯೇ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಪ್ರಶ್ನೆ ಚೆನ್ನಾಗಿದೆ. ಜನವರಿಯ 15 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್, ಏಪ್ರಿಲ್‌ನ 40 ಡಿಗ್ರಿಯಲ್ಲಿ 355. ನನ್ನ ಪಡಸಾಲೆಯ ಮೊದಲ ಅನುರಣನ ಅದರಿಂದ 31ರಿಂದ 32.4 ಹರ್ಟ್ಸ್‌ಗೆ ಸರಿಯುತ್ತದೆ. ಈಕ್ವಲೈಜರ್‌ನಲ್ಲಿ ಬಹಳ ಇಕ್ಕಟ್ಟಾದ ಕಡಿತ ಹಾಕಿದವರಿಗೆ ಅದು ಗುರಿ ತಪ್ಪಬಹುದು. ಜಾಗದಿಂದಲೇ ಕೆಲಸ ಮುಗಿಸಿಕೊಂಡವರಿಗೆ ಗೊತ್ತೂ ಆಗುವುದಿಲ್ಲ. ನನ್ನ ಮನೆಯಲ್ಲಿ ಹೊಂದಾಣಿಕೆ ಕೆಡುವುದು ದೀಪಾವಳಿಯ ಮುಂಚಿನ ಸ್ವಚ್ಛತೆಯಲ್ಲಿ. ಈಗ ಪ್ರತಿಯೊಂದು ಸಬ್‌ವೂಫರ್‌ನ ನಾಲ್ಕೂ ಮೂಲೆಗಳಿಗೆ ನೆಲದ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ, ಹಿಂಬದಿಯ ಗುಂಡಿಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ.